ಕೌನ್ಸಿಲ್ ಅಧಿಕಾರಿಗೆ ಎಷ್ಟು ದುಡ್ಡು ಕೊಟ್ಟು ಕಳಿಸಿದರು? ಕೇಳುವ ಹಕ್ಕು ನಮಗಿದೆಯಾ?

ಓದುಗರ ಪ್ರಶ್ನೆ: "ನಮಸ್ಕಾರ ಸರ್. ನಾವು ಮೂಲತಃ ದಾವಣಗೆರೆ ಕಡೆಯವರು, ಈಗ ಕೆಲವು ವರ್ಷಗಳಿಂದ ಇಂಗ್ಲೆಂಡಿನ ದಕ್ಷಿಣದ ಒಂದು ಊರಲ್ಲಿ ಇದ್ದೇವೆ. ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ. ನಮ್ಮ ಕೌನ್ಸಿಲ್‌ನ, ಅಂದರೆ ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಯ, ಒಬ್ಬ ಡೈರೆಕ್ಟರ್ ಹೋದ ವರ್ಷ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರು. 'ಪರಸ್ಪರ ಒಪ್ಪಿಗೆಯಿಂದ' ಎಂದಷ್ಟೇ ಪೇಪರಿನಲ್ಲಿ ಬಂತು. ದೊಡ್ಡ ಮೊತ್ತ ಕೊಟ್ಟು ಬಾಯಿ ಮುಚ್ಚಿಸಿ ಕಳಿಸಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಈ ಸಲ ಕೌನ್ಸಿಲ್ ಟ್ಯಾಕ್ಸ್ ಶೇಕಡಾ 4.99 ಏರಿದೆ, ಹೊಟ್ಟೆ ಉರಿಯುತ್ತೆ. ಸೆಟಲ್‌ಮೆಂಟ್ ಅಗ್ರಿಮೆಂಟ್ ಪ್ರತಿ ಕೊಡಿ ಅಂತ ಇಮೇಲ್ ಹಾಕಿದೆ. ಸೆಕ್ಷನ್ 40 ಮತ್ತು 41ರ ಪ್ರಕಾರ ಕೊಡಲು ಆಗಲ್ಲ ಅಂದರು. ಊರಲ್ಲಿ ನಮ್ಮ ಮಾವನವರು ಆರ್‌ಟಿಐ ಹಾಕಿ ರಸ್ತೆ ಬಿಲ್ ಎಲ್ಲಾ ತೆಗೆಸಿದವರು. 'ಅಲ್ಲಿ ಇನ್ನೂ ಸುಲಭ ಇರಬೇಕಲ್ಲಮ್ಮಾ' ಅಂತಾರೆ. ಇನ್ನೊಂದು ಚಿಂತೆ. ನನ್ನ ಗೆಳತಿಯೊಬ್ಬಳು ಅದೇ ಕೌನ್ಸಿಲ್‌ನಲ್ಲಿ ಇದ್ದಳು, ಮ್ಯಾನೇಜರ್ ಜೊತೆ ಜಗಳವಾಗಿ ಅವಳೂ ಇಂಥದ್ದೇ ಒಂದಕ್ಕೆ ಸಹಿ ಹಾಕಿ ಬಂದಳು. ನಾನು ಕೆದಕಿದರೆ ಅವಳಿಗೆ ತೊಂದರೆ ಆಗುತ್ತಾ? ನಾವು ಇಲ್ಲಿನ ಪ್ರಜೆಗಳಲ್ಲ, ನಮ್ಮ ವೀಸಾಗೆ ಏನಾದರೂ?" (ಹೆಸರು, ಊರು ಬೇಡ ಎಂದಿದ್ದಾರೆ.)

ಉತ್ತರ:

ವೀಸಾ ಚಿಂತೆಯನ್ನು ಮೊದಲು ತೆಗೆದುಹಾಕೋಣ. ಇಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆ, ಅಂದರೆ 2000ದ ಫ್ರೀಡಂ ಆಫ್ ಇನ್ಫರ್ಮೇಶನ್ ಆ್ಯಕ್ಟ್, ಅರ್ಜಿ ಹಾಕುವವರ ಪೌರತ್ವ ಕೇಳುವುದಿಲ್ಲ. ನಮ್ಮ ಆರ್‌ಟಿಐ ಭಾರತದ ಪ್ರಜೆಗಳಿಗೆ ಮಾತ್ರ. ಇಲ್ಲಿ ಹಾಗಿಲ್ಲ, ನಿಮ್ಮ ಮಾವನವರು ದಾವಣಗೆರೆಯಲ್ಲಿ ಕೂತು ಇಮೇಲ್ ಹಾಕಿದರೂ ಕೌನ್ಸಿಲ್ ಉತ್ತರ ಕೊಡಲೇಬೇಕು. ನಿಜವಾದ ಹೆಸರು, ಉತ್ತರ ಕಳಿಸಲು ಒಂದು ವಿಳಾಸ ಇದ್ದರೆ ಸಾಕು, ಇಮೇಲ್ ವಿಳಾಸವೂ ಆಗುತ್ತದೆ. ಅರ್ಜಿಗೆ ಶುಲ್ಕ ಇಲ್ಲ. ಯಾಕೆ ಕೇಳುತ್ತಿದ್ದೀರಿ ಎಂದು ಹೇಳಬೇಕಾಗಿಯೂ ಇಲ್ಲ. ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೂ ಇದಕ್ಕೂ ಸಂಬಂಧವೇ ಇಲ್ಲ.

ಆದರೆ ಮಾವನವರ ಮಾತಿನಲ್ಲಿ ಅರ್ಧ ಮಾತ್ರ ಸರಿ. ಅರ್ಜಿ ಹಾಕುವುದು ಸುಲಭ, ನಿಜ. ಸಿಗುವುದರ ಲೆಕ್ಕ ಬೇರೆ. ಆರ್‌ಟಿಐನಲ್ಲಿ ಕಡತ ನೋಡಬಹುದು, ದೃಢೀಕೃತ ಪ್ರತಿ ಕೇಳಬಹುದು, ನಮ್ಮ ಜನಕ್ಕೆ ಆ ಅಭ್ಯಾಸ. ಇಲ್ಲಿ ಹಕ್ಕು ಇರುವುದು ಮಾಹಿತಿಯ ಮೇಲೆ, ಕಾಗದದ ಮೇಲಲ್ಲ. ನೀವು ಕಾಗದವನ್ನೇ ಕೇಳಿದಿರಿ, ಅದೂ ಒಬ್ಬ ವ್ಯಕ್ತಿಯ ಕಾಗದ. ಅದು ಬಾಗಿಲಲ್ಲೇ ವಾಪಸ್ ಬರುವಂಥ ಅರ್ಜಿ. ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ಇಂಥ ಅರ್ಜಿಗಳಿಗೆ ಉತ್ತರ ಬರೆಯುವ ಕೆಲಸ ನಾನು ಮಾಡಿದ್ದೇನೆ, ಈಗ ಅರ್ಜಿ ಹಾಕುವವರಿಗೆ ಸಲಹೆ ಕೊಡುತ್ತೇನೆ. ನಿಮ್ಮಂಥ ಅರ್ಜಿ ಬಂದರೆ ಸಿದ್ಧ ಉತ್ತರ ಇರುತ್ತಿತ್ತು, ಹತ್ತು ನಿಮಿಷದ ಕೆಲಸ. ಅದೇ ಮನುಷ್ಯ ದುಡ್ಡಿನ ಬಗ್ಗೆ, ಯಾರು ಒಪ್ಪಿಗೆ ಕೊಟ್ಟರು ಎನ್ನುವುದರ ಬಗ್ಗೆ ಸರಿಯಾಗಿ ಬಿಡಿಸಿ ಕೇಳಿದರೆ ನಾವು ಕೂತು ಯೋಚನೆ ಮಾಡಬೇಕಾಗುತ್ತಿತ್ತು.

ಈ ಸೆಟಲ್‌ಮೆಂಟ್ ಅಗ್ರಿಮೆಂಟ್ ಅಂದರೆ ಏನು ಅನ್ನುವುದನ್ನೂ ನೋಡೋಣ, ಯಾಕೆಂದರೆ ಊರಿನ ಗಾಸಿಪ್ ಎಲ್ಲಾ ಹುಟ್ಟುವುದು ಅಲ್ಲೇ. ಕೆಲಸಗಾರ ಮತ್ತು ಮಾಲೀಕರ ನಡುವೆ ತಕರಾರಿದೆ, ಅಥವಾ ಮುಂದೆ ಬರಬಹುದು. ಕೋರ್ಟಿಗೆ, ಅಂದರೆ ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ ಹೋಗುವ ಹಕ್ಕನ್ನು ಕೆಲಸಗಾರ ಬಿಟ್ಟುಕೊಡುತ್ತಾನೆ, ಬದಲಿಗೆ ಒಂದಿಷ್ಟು ದುಡ್ಡು, ಒಂದು ರೆಫರೆನ್ಸ್ ಪತ್ರ ಸಿಗುತ್ತದೆ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್ ಇದಕ್ಕೆ ಷರತ್ತು ಹಾಕಿದೆ. ಬರವಣಿಗೆಯಲ್ಲಿ ಇರಬೇಕು, ಕೆಲಸಗಾರನಿಗೆ ಸ್ವತಂತ್ರ ಸಲಹೆಗಾರರಿಂದ ಸಲಹೆ ಸಿಕ್ಕಿರಬೇಕು. 2013ರವರೆಗೆ ಇದನ್ನೇ ಕಾಂಪ್ರಮೈಸ್ ಅಗ್ರಿಮೆಂಟ್ ಅನ್ನುತ್ತಿದ್ದರು. ಹಳೆಯ ದಾಖಲೆ ಹುಡುಕುವಾಗ ಆ ಹೆಸರೂ ನೆನಪಿರಲಿ.

ಇದಕ್ಕೆ ಸಹಿ ಹಾಕಿದವರೆಲ್ಲ ತಪ್ಪು ಮಾಡಿದವರು ಅಂದುಕೊಳ್ಳಬೇಡಿ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ ಸಮಾನ ವೇತನದ ಕೇಸುಗಳಿಗಾಗಿ ವರ್ಷಗಳುದ್ದಕ್ಕೂ ಸುಮಾರು 110 ಕೋಟಿ ಪೌಂಡ್ ಕೊಟ್ಟಿದೆ. 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು, ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ 'ನಮ್ಮ ಹತ್ತಿರ ದುಡ್ಡಿಲ್ಲ' ಎಂದು ಸೆಕ್ಷನ್ 114 ನೋಟಿಸ್ ಹೊರಡಿಸಿತು. ಗ್ಲಾಸ್ಗೋದಲ್ಲಿ 2018ರ ಅಕ್ಟೋಬರ್‌ನಲ್ಲಿ ಸುಮಾರು 8,000 ಮಹಿಳೆಯರು ಮುಷ್ಕರ ಹೂಡಿದರು. ಮರುವರ್ಷ ಅಲ್ಲಿ ಸುಮಾರು 54.8 ಕೋಟಿ ಪೌಂಡಿನ ಒಪ್ಪಂದವಾಯಿತು. ದುಡ್ಡು ಹೋದದ್ದು ಶಾಲೆಯಲ್ಲಿ ಅಡಿಗೆ ಮಾಡುವವರಿಗೆ, ಕಸ ಗುಡಿಸುವವರಿಗೆ, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರಿಗೆ. ಗಂಡಸರು ಹೆಚ್ಚಿರುವ ಸಮಾನ ದರ್ಜೆಯ ಕೆಲಸಕ್ಕೆ ಸಿಗುವ ಸಂಬಳ ಅವರಿಗೆ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಇಂಥ ಕಡೆ 'ಎಷ್ಟು ಸೆಟಲ್‌ಮೆಂಟ್ ಆಗಿದೆ' ಅಂತ ಮಾತ್ರ ಕೇಳಿದರೆ ಸಾವಿರಗಟ್ಟಲೆ ಸಂಖ್ಯೆ ಬರುತ್ತದೆ. ಅದನ್ನು ಹಗರಣ ಅಂತ ಫೇಸ್‌ಬುಕ್‌ನಲ್ಲಿ ಹಾಕಿದವರನ್ನು ನೋಡಿದ್ದೇನೆ, ಪಾಪ.

ಸ್ವಂತ ಇಚ್ಛೆಯಿಂದ ಕೆಲಸ ಬಿಡುವ ಯೋಜನೆಯಲ್ಲಿ ಹೋದವರಿಗೂ ಅನೇಕ ಕೌನ್ಸಿಲ್‌ಗಳು ಇದೇ ಕಾಗದ ಸಹಿ ಮಾಡಿಸುತ್ತವೆ. ಇನ್ನು ನಿಮ್ಮ ಡೈರೆಕ್ಟರ್? ಅವರು ಕೆಲಸ ಕೆಡಿಸಿ ಹೋಗಿರಬಹುದು. ಅಥವಾ ಯಾರಿಗೂ ಇಷ್ಟವಾಗದ ಸತ್ಯ ಹೇಳಿದ್ದಕ್ಕೆ ಹೊರಗೆ ಕಳಿಸಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತದೆ.

ಈಗ ನಿಮಗೆ ಬಂದ ಉತ್ತರಕ್ಕೆ ಬರುತ್ತೇನೆ. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ ಎರಡು ಸೆಕ್ಷನ್ ಹೇಳಿದ್ದಾರೆ, ಎರಡರ ತೂಕ ಒಂದೇ ಅಲ್ಲ.

ಸೆಕ್ಷನ್ 41 ಗೌಪ್ಯತೆಯದು. ಬೇರೆಯವರಿಂದ ಗುಟ್ಟಾಗಿ ಪಡೆದ ಮಾಹಿತಿಯನ್ನು ಹೊರಗೆ ಹಾಕಿದರೆ ಕೇಸಾಗುವ ಹಾಗಿದ್ದರೆ ಕೊಡಬೇಕಿಲ್ಲ ಅನ್ನುತ್ತದೆ. 'ಒಪ್ಪಂದದಲ್ಲೇ ಗೌಪ್ಯ ಅಂತ ಬರೆದಿದೆ, ಆದ್ದರಿಂದ ಕೊಡಲ್ಲ' ಎಂಬ ಮಾತನ್ನು ಜನ ನಂಬಿಬಿಡುತ್ತಾರೆ. ಆದರೆ 'ಬೇರೆಯವರಿಂದ ಪಡೆದ' ಅನ್ನುವ ಷರತ್ತನ್ನು ನೋಡಿ. ಇಬ್ಬರು ಕೂತು ಮಾತಾಡಿ ಮಾಡಿಕೊಂಡ ಒಪ್ಪಂದದ ಷರತ್ತುಗಳನ್ನು ಒಬ್ಬರಿಂದ ಇನ್ನೊಬ್ಬರು ಪಡೆದದ್ದು ಅನ್ನಲಾಗುವುದಿಲ್ಲ. 2006ರಲ್ಲಿ ಡೆರಿ ನಗರ ಕೌನ್ಸಿಲ್ ಮತ್ತು ರಯನ್‌ಏರ್ ವಿಮಾನ ಕಂಪನಿಯ ಒಪ್ಪಂದದ ಕೇಸಿನಲ್ಲಿ ಮಾಹಿತಿ ಹಕ್ಕಿನ ತಕರಾರು ಕೇಳುವ ಟ್ರಿಬ್ಯೂನಲ್ ಇದೇ ತರ್ಕ ಹಿಡಿಯಿತು, ಈ ಕಾಯ್ದೆಯ ದೂರುಗಳನ್ನು ನೋಡುವ ಇನ್ಫರ್ಮೇಶನ್ ಕಮಿಷನರ್ ಕಚೇರಿಯೂ ಅದನ್ನೇ ಅನುಸರಿಸುತ್ತದೆ. ಹಾಗಾಗಿ ಸೆಕ್ಷನ್ 41ಕ್ಕೆ ನೀವು ಧೈರ್ಯವಾಗಿ ಎದುರು ಹೇಳಬಹುದು. ಸಾರ್ವಜನಿಕ ಸಂಸ್ಥೆಯೊಂದು ತನ್ನ ಮೇಲಿರುವ ಕಾನೂನಿನ ಹೊಣೆಯನ್ನು ಖಾಸಗಿ ಒಪ್ಪಂದದ ಒಂದು ಸಾಲಿನಿಂದ ಕಳಚಿಕೊಳ್ಳಲು ಬರುವುದಿಲ್ಲ.

ಸೆಕ್ಷನ್ 40 ಹಾಗಲ್ಲ. ಅದು ಗಟ್ಟಿ ಗೋಡೆ. ಹೆಸರು ಇದ್ದರೂ ಇಲ್ಲದಿದ್ದರೂ, ಗುರುತಿಸಬಹುದಾದ ಒಬ್ಬ ವ್ಯಕ್ತಿಯ ವಿವರ ಅಂದರೆ ಅದು ವೈಯಕ್ತಿಕ ಮಾಹಿತಿ, ಡೇಟಾ ರಕ್ಷಣೆ ಕಾನೂನಿನ ಕೆಳಗೆ ಬರುತ್ತದೆ. ಅಲ್ಲಿ ಮೂರು ಮಾತು ನೋಡುತ್ತಾರೆ. ಕೇಳುವವರಿಗೆ ನ್ಯಾಯವಾದ ಆಸಕ್ತಿ ಇದೆಯಾ, ಅದಕ್ಕೆ ಈ ಮಾಹಿತಿ ಹೊರಬರುವುದು ಅಗತ್ಯವಾ, ಆ ವ್ಯಕ್ತಿಯ ಹಕ್ಕಿಗಿಂತ ಅದು ಭಾರವಾ. ತೆರಿಗೆ ದುಡ್ಡು ಎಲ್ಲಿ ಹೋಯಿತು ಅನ್ನುವುದು ನ್ಯಾಯವಾದ ಆಸಕ್ತಿಯೇ, ಅದರಲ್ಲಿ ಅನುಮಾನ ಬೇಡ. ಜಗಳ ಆಗುವುದು ಮೂರನೆಯದರಲ್ಲಿ.

ಇದು ಎರಡೂ ಕಡೆ ವಾಲಿದೆ. ಉತ್ತರ ಯಾರ್ಕ್‌ಷೈರಿನ ಕ್ರೇವನ್ ಡಿಸ್ಟ್ರಿಕ್ಟ್ ಕೌನ್ಸಿಲ್‌ನ ಹಿಂದಿನ ಚೀಫ್ ಎಕ್ಸಿಕ್ಯೂಟಿವ್ ಜೊತೆ ಆಗಿದ್ದ ಒಪ್ಪಂದದ ಬಗ್ಗೆ 2011ರಲ್ಲಿ ಟ್ರಿಬ್ಯೂನಲ್ ತೀರ್ಪು ಬಂತು. ಸಾರ್ವಜನಿಕ ದುಡ್ಡು ಖರ್ಚಾದ ಭಾಗವನ್ನು ಹೊರಗೆ ಹಾಕಿ, ಮಿಕ್ಕಿದ್ದು ಒಳಗೇ ಇರಲಿ ಎಂದರು. ಮರುವರ್ಷ ಡೆವನ್‌ನ ಟೀನ್‌ಬ್ರಿಜ್ ಕೌನ್ಸಿಲ್‌ನ ಕೇಸು ಬಂತು. ಟ್ರಾಗೋ ಮಿಲ್ಸ್ ಎಂಬ ವ್ಯಾಪಾರ ಸಂಸ್ಥೆ, ಕೆಲಸ ಬಿಟ್ಟ ಹಿರಿಯ ಪ್ಲಾನಿಂಗ್ ಅಧಿಕಾರಿಗೆ ಏನು ಕೊಟ್ಟಿರಿ ಎಂದು ಕೇಳಿತ್ತು. ಅಲ್ಲಿ ಇಲ್ಲ ಎಂದರು. ಗೌಪ್ಯತೆಯ ಸಾಲು ಬರೆದಿರದಿದ್ದರೂ, ತನ್ನ ಕೆಲಸ ಹೇಗೆ ಮುಗಿಯಿತು ಅನ್ನುವುದು ತನ್ನಲ್ಲೇ ಉಳಿಯುತ್ತದೆ ಎಂದು ಮನುಷ್ಯ ಅಂದುಕೊಳ್ಳುವುದು ಸಹಜ ಎನ್ನುವ ಧಾಟಿಯ ಮಾತು ಆ ತೀರ್ಪಿನಲ್ಲಿದೆ. ನನ್ನ ಅನುಭವದಲ್ಲಿ ಕಮಿಷನರ್ ಕಚೇರಿ ಹೆಚ್ಚು ಸಲ ಈ ಎರಡನೆಯ ದಾರಿಯಲ್ಲೇ ಹೋಗುತ್ತದೆ. ಹುದ್ದೆ ಮೇಲೆ ಹೋದಷ್ಟೂ ನಿಮ್ಮ ವಾದಕ್ಕೆ ಬಲ, ಮೊತ್ತ ಮಾತ್ರ ಕೇಳಿದಷ್ಟೂ ಬಲ. ಯಾಕೆ ಹೋದರು, ಏನು ದೂರು ಇತ್ತು ಎಂದು ಕೇಳಿದ ಕೂಡಲೇ ಬಲ ಇಳಿಯುತ್ತದೆ.

(ಭಾರತದಲ್ಲೂ ಈ ಗೋಡೆ ಎತ್ತರವಾಗುತ್ತಿದೆ. 2023ರ ಡೇಟಾ ಸಂರಕ್ಷಣಾ ಕಾಯ್ದೆ ಆರ್‌ಟಿಐನ 8(1)(ಜೆ)ಯನ್ನು ತಿದ್ದಿ ವೈಯಕ್ತಿಕ ಮಾಹಿತಿಗೆ ಇನ್ನೂ ಬಿಗಿ ಮಾಡಿದೆ. ಮಾವನವರಿಗೆ ಹೇಳಿ.)

ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮಗೆ ಬೇಕಾದ ಮೊತ್ತ ಈಗಾಗಲೇ ಕೌನ್ಸಿಲ್ ವೆಬ್‌ಸೈಟಿನಲ್ಲಿ ಬಿದ್ದಿರಬಹುದು, ಅರ್ಜಿಯೇ ಬೇಕಿಲ್ಲ. ಪ್ರತಿ ಕೌನ್ಸಿಲ್ ವರ್ಷಕ್ಕೊಮ್ಮೆ ಲೆಕ್ಕಪತ್ರ ಪ್ರಕಟಿಸಬೇಕು, ಅದಕ್ಕೆ ಸ್ಟೇಟ್‌ಮೆಂಟ್ ಆಫ್ ಅಕೌಂಟ್ಸ್ ಅನ್ನುತ್ತಾರೆ. ನೂರಾರು ಪುಟ, ನೋಡಿದರೆ ನಿದ್ದೆ ಬರುತ್ತೆ. ನೀವು ಟಿಪ್ಪಣಿಗಳ ಭಾಗದಲ್ಲಿ ಎರಡು ಕಡೆ ನೋಡಿದರೆ ಸಾಕು.

ಒಂದು, ಹಿರಿಯ ಅಧಿಕಾರಿಗಳ ಸಂಬಳದ ಪಟ್ಟಿ. 2015ರ ಅಕೌಂಟ್ಸ್ ಆ್ಯಂಡ್ ಆಡಿಟ್ ರೆಗ್ಯುಲೇಶನ್ಸ್ ಪ್ರಕಾರ ವರ್ಷಕ್ಕೆ 50,000 ಪೌಂಡ್ ಮೇಲೆ ಸಂಬಳವಿರುವ ಹಿರಿಯ ಅಧಿಕಾರಿಗಳನ್ನು ಹುದ್ದೆಯ ಹೆಸರಿನಿಂದ ತೋರಿಸಬೇಕು, 1.5 ಲಕ್ಷ ಪೌಂಡ್ ಮುಟ್ಟಿದವರನ್ನು ಸ್ವಂತ ಹೆಸರಿನಿಂದಲೇ. ಆ ಪಟ್ಟಿಯಲ್ಲಿ ಸಂಬಳ, ಪೆನ್ಷನ್ ಜೊತೆಗೆ ಕೆಲಸ ಹೋದದ್ದಕ್ಕೆ ಕೊಟ್ಟ ಪರಿಹಾರಕ್ಕೂ ಜಾಗ ಇದೆ. ಇಲ್ಲಿ 'ಹಿರಿಯ' ಎಂದರೆ ಸಾಮಾನ್ಯವಾಗಿ ಚೀಫ್ ಎಕ್ಸಿಕ್ಯೂಟಿವ್, ಕಾನೂನು ಹೇಳಿದ ಮುಖ್ಯ ಅಧಿಕಾರಿಗಳು, ನೇರ ಅವರ ಕೈಕೆಳಗಿನವರು. ಡೈರೆಕ್ಟರ್ ಆಗಿದ್ದರೆ ನಿಮ್ಮವರು ಇದರಲ್ಲಿ ಬರುವ ಸಾಧ್ಯತೆ ಚೆನ್ನಾಗಿಯೇ ಇದೆ. ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ ಮಕ್ಕಳ ಸೇವೆಯ ಮುಖ್ಯಸ್ಥೆ ಷರಾನ್ ಶೂಸ್ಮಿತ್ ಅವರನ್ನು 2008ರಲ್ಲಿ ಕೆಲಸದಿಂದ ತೆಗೆದದ್ದು ಕಾನೂನುಬಾಹಿರ ಎಂದು 2011ರಲ್ಲಿ ಅಪೀಲು ಕೋರ್ಟ್ ಹೇಳಿತು. 2013ರಲ್ಲಿ ಒಪ್ಪಂದವಾದಾಗ ಮೊತ್ತ ಹೇಳಲಿಲ್ಲ. ಮರುವರ್ಷ ಕೌನ್ಸಿಲ್ ಲೆಕ್ಕಪತ್ರದಲ್ಲಿ ಸುಮಾರು 6.8 ಲಕ್ಷ ಪೌಂಡ್ ಎಂದು ಹೊರಬಂತು.

ಇನ್ನೊಂದು, ಎಕ್ಸಿಟ್ ಪ್ಯಾಕೇಜ್ ಕೋಷ್ಟಕ, ಅಂದರೆ ಕೆಲಸ ಬಿಟ್ಟು ಹೋದವರಿಗಾಗಿ ಆದ ಖರ್ಚಿನ ಪಟ್ಟಿ. ಒಂದು ಲಕ್ಷದವರೆಗೆ 20,000 ಪೌಂಡಿನ ಮೆಟ್ಟಿಲು, ಅದರ ಮೇಲೆ 50,000ದ್ದು. ಪ್ರತಿ ಮೆಟ್ಟಿಲಲ್ಲಿ ಎಷ್ಟು ಜನ ಹೋದರು, ಒಟ್ಟು ಖರ್ಚೆಷ್ಟು. ಕಡ್ಡಾಯವಾಗಿ ಕೆಲಸ ಕಳೆದುಕೊಂಡವರು ಒಂದು ಕಾಲಂನಲ್ಲಿ, ಒಪ್ಪಿಗೆಯಿಂದ ಹೋದ ಇತರರು ಇನ್ನೊಂದರಲ್ಲಿ. ಸೆಟಲ್‌ಮೆಂಟ್‌ಗಳು ಕೂತಿರುವುದು ಹೆಚ್ಚಾಗಿ ಈ ಎರಡನೆಯ ಕಾಲಂನಲ್ಲಿ. ಹೋದ ನಾಲ್ಕೈದು ವರ್ಷದ ಕೋಷ್ಟಕ ಪಕ್ಕಪಕ್ಕ ಇಟ್ಟು ನೋಡಿ, ಒಂದು ವರ್ಷ ಮಾತ್ರ ಮೇಲಿನ ಮೆಟ್ಟಿಲಲ್ಲಿ ಹೊಸದಾಗಿ ಒಬ್ಬರು ಕಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಹತ್ತಿರ ಹತ್ತಿರ ಸಿಕ್ಕಂತೆಯೇ.

ಆದರೆ ಆ ಅಂಕಿ ನೋಡಿ ಹೌಹಾರಬೇಡಿ. 55 ದಾಟಿದ ನೌಕರರು ರಿಡಂಡೆನ್ಸಿಯಲ್ಲಿ, ಅಂದರೆ ಹುದ್ದೆಯೇ ರದ್ದಾಗಿ, ಹೋದರೆ ಸ್ಥಳೀಯ ಸರ್ಕಾರದ ಪೆನ್ಷನ್ ಯೋಜನೆಯಲ್ಲಿ ಅವರಿಗೆ ಪೆನ್ಷನ್ ಕಡಿತವಿಲ್ಲದೆ ಕೂಡಲೇ ಶುರುವಾಗುತ್ತದೆ. ಬೇಗ ಶುರುವಾದದ್ದರ ಹೊರೆಯನ್ನು ಕೌನ್ಸಿಲ್ ಪೆನ್ಷನ್ ನಿಧಿಗೆ ತುಂಬಿಕೊಡಬೇಕು. ಇದಕ್ಕೆ ಪೆನ್ಷನ್ ಸ್ಟ್ರೇನ್ ಅನ್ನುತ್ತಾರೆ. ಇದೂ ಎಕ್ಸಿಟ್ ಪ್ಯಾಕೇಜ್ ಲೆಕ್ಕದಲ್ಲಿ ಸೇರುತ್ತದೆ. ಮೂವತ್ತು ವರ್ಷ ಕೆಲಸ ಮಾಡಿದ ಲೈಬ್ರೇರಿಯನ್ ಹೆಸರಲ್ಲಿ ದೊಡ್ಡ ಮೊತ್ತ ಕಾಣುತ್ತದೆ, ಅವರ ಕೈಗೆ ಬಂದ ನಗದು ಅದರ ಒಂದು ಪಾಲು ಅಷ್ಟೇ. ಸರ್ಕಾರ 2020ರ ನವೆಂಬರ್‌ನಲ್ಲಿ ಎಕ್ಸಿಟ್ ಪ್ಯಾಕೇಜ್‌ಗೆ 95,000 ಪೌಂಡಿನ ಮಿತಿ ತಂದು ಮೂರೇ ತಿಂಗಳಲ್ಲಿ ಕೈಬಿಟ್ಟದ್ದಕ್ಕೆ ಇಂಥ ತೊಡಕುಗಳೂ ಕಾರಣ.

ಲೆಕ್ಕಪತ್ರ ತಡವಾಗಿ ಬರುವ ಕಾಯಿಲೆ ಇಂಗ್ಲೆಂಡಿನ ಅನೇಕ ಕೌನ್ಸಿಲ್‌ಗಳಿಗೆ ಇದೆ. ಆಡಿಟ್ ಆದ ಪ್ರತಿ ಇಲ್ಲದಿದ್ದರೆ ಕರಡು ಪ್ರತಿ ನೋಡಿ, ಅದೂ ವೆಬ್‌ಸೈಟಿನಲ್ಲಿ ಇರಬೇಕು.

ಅಲ್ಲಿ ಸಿಗಲಿಲ್ಲ ಅಂದುಕೊಳ್ಳಿ. ಆಗ ಹೊಸ ಅರ್ಜಿ ಬರೆಯಿರಿ, ಹಳೆಯದನ್ನೇ ಮತ್ತೆ ಕಳಿಸಬೇಡಿ. ಇಂಗ್ಲಿಷಿನಲ್ಲಿ, ನಿಮ್ಮದೇ ಮಾತಿನಲ್ಲಿ. ಅದರೊಳಗೆ ಇರಬೇಕಾದ್ದು ಹೀಗೆ. ಹೋದ ಮೂರು ಹಣಕಾಸು ವರ್ಷಗಳಲ್ಲಿ, ವರ್ಷಕ್ಕೆ ಎಷ್ಟು ನೌಕರರ ಜೊತೆ ಸೆಟಲ್‌ಮೆಂಟ್ ಅಗ್ರಿಮೆಂಟ್ ಆಗಿದೆ, ಒಟ್ಟು ಎಷ್ಟು ದುಡ್ಡು ಹೋಗಿದೆ, ಪೆನ್ಷನ್ ಸ್ಟ್ರೇನ್ ಬಿಟ್ಟು ಎಷ್ಟು, ಅದು ಪ್ರತ್ಯೇಕ ಎಷ್ಟು. ಸಮಾನ ವೇತನದ ಕೇಸುಗಳನ್ನು ಬೇರೆ ತೋರಿಸಿ ಎನ್ನಿ. ಶಾಲೆಗಳನ್ನೂ ಬೇರೆ ತೋರಿಸಿ ಎನ್ನಿ, ಯಾಕೆಂದರೆ ಅನೇಕ ಶಾಲೆಗಳ ಶಿಕ್ಷಕರ ಮಾಲೀಕರು ಕಾನೂನಿನಲ್ಲಿ ಕೌನ್ಸಿಲ್ಲೇ, ಅವರನ್ನು ಸೇರಿಸಿದರೆ ಸಂಖ್ಯೆ ಉಬ್ಬುತ್ತದೆ. ಒಳಗಿದ್ದವರಿಗೆ ಮಾತ್ರ ಹೊಳೆಯುವ ಇನ್ನೊಂದು ಸೇರಿಸಿ: ಸಿಒಟಿ3. ಎಕಾಸ್ ಎಂಬ ರಾಜಿ ಸಂಸ್ಥೆಯ ಮೂಲಕ ತೀರ್ಮಾನವಾದರೆ ಆ ಕಾಗದದ ಹೆಸರು ಅದು. ಕಾನೂನಿನ ಲೆಕ್ಕದಲ್ಲಿ ಅದು ಬೇರೆ ಜಾತಿಯ ಕಾಗದ. ನೀವು ಅದನ್ನು ಹೆಸರಿಟ್ಟು ಕೇಳದಿದ್ದರೆ 'ಸೆಟಲ್‌ಮೆಂಟ್ ಅಗ್ರಿಮೆಂಟ್ ಎರಡೇ' ಎಂದು ಪ್ರಾಮಾಣಿಕವಾಗಿಯೇ ಉತ್ತರ ಬರುತ್ತದೆ, ಪಕ್ಕದ ಕಡತದಲ್ಲಿ ಹದಿನೈದು ಸಿಒಟಿ3 ಇದ್ದರೂ.

ಬಾಯಿ ಮುಚ್ಚಿಸುವ ಷರತ್ತಿನ ಬಗ್ಗೆ ಕುತೂಹಲ ಇದ್ದರೆ, ಎಷ್ಟು ಒಪ್ಪಂದಗಳಲ್ಲಿ ಗೌಪ್ಯತೆಯ ಷರತ್ತಿದೆ ಎಂದು ಕೇಳಿ, ಜೊತೆಗೆ ಕೌನ್ಸಿಲ್ ಬಳಸುವ ಖಾಲಿ ನಮೂನೆಯ ಪ್ರತಿ ಕೇಳಿ. ಖಾಲಿ ನಮೂನೆಯಲ್ಲಿ ಯಾರ ಹೆಸರೂ ಇಲ್ಲ, ಸೆಕ್ಷನ್ 40 ಅಲ್ಲಿಗೆ ಬರುವುದಿಲ್ಲ. ನೀವು ಕೇಳಿದ 'ಪ್ರತಿ'ಯಲ್ಲಿ ಬಹುಪಾಲು ಸಾಲುಗಳು ಹೇಗೂ ಅದೇ ನಮೂನೆಯವು.

ಅರ್ಜಿಯ ಮುಖ್ಯ ಭಾಗ ಇದು: ಯಾರು ಒಪ್ಪಿಗೆ ಕೊಟ್ಟರು? 2022ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ ಸ್ಪೆಷಲ್ ಸೆವೆರನ್ಸ್ ಪೇಮೆಂಟ್ ಬಗ್ಗೆ ಸರ್ಕಾರದ ಮಾರ್ಗಸೂಚಿ ಬಂತು. ಕಾನೂನು, ಕರಾರು ಪ್ರಕಾರ ಕೊಡಲೇಬೇಕಾದ್ದಕ್ಕಿಂತ ಮೇಲೆ ಕೊಡುವ ದುಡ್ಡಿಗೆ ಇದು ಅನ್ವಯ. ಒಂದು ಲಕ್ಷ ಪೌಂಡ್ ಮತ್ತು ಮೇಲಿನದ್ದಕ್ಕೆ ಪೂರ್ತಿ ಕೌನ್ಸಿಲ್ ಸಭೆ ಮತ ಹಾಕಬೇಕು. 20,000ದಿಂದ ಲಕ್ಷದೊಳಗೆ ಆದರೆ ಚೀಫ್ ಎಕ್ಸಿಕ್ಯೂಟಿವ್ ಸ್ವತಃ ಸಹಿ ಹಾಕಿ, ಕೌನ್ಸಿಲರ್‌ಗಳ ಮುಖ್ಯಸ್ಥರಾದ ಲೀಡರ್ ಒಪ್ಪಿದ್ದಕ್ಕೂ ದಾಖಲೆ ಇಡಬೇಕು. ಅದಕ್ಕೂ ಕಡಿಮೆಯಾದರೆ ಕೌನ್ಸಿಲ್‌ನ ಒಳಗಿನ ಅಧಿಕಾರ ಹಂಚಿಕೆಯಂತೆ. ಹಾಗಾಗಿ ಈ ಮೂರು ಮಟ್ಟದಲ್ಲಿ ಎಷ್ಟೆಷ್ಟು ಪಾವತಿ ಆಗಿದೆ, ಯಾವ ದಿನ ಒಪ್ಪಿಗೆ ಸಿಕ್ಕಿತು ಎಂದು ಕೇಳಿ. ದೊಡ್ಡ ಮೊತ್ತವಾದರೆ ಸಭೆಯ ಅಜೆಂಡಾ ಹುಡುಕಿ. ಆ ವಿಷಯ ಬಂದಾಗ ಜನರನ್ನೂ ಪತ್ರಕರ್ತರನ್ನೂ ಹೊರಗೆ ಕಳಿಸಿರುತ್ತಾರೆ, 1972ರ ಲೋಕಲ್ ಗವರ್ನಮೆಂಟ್ ಆ್ಯಕ್ಟ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ವಿಷಯದ ಶೀರ್ಷಿಕೆ, ಹೊರಗೆ ಕಳಿಸಿದ ಕಾರಣ ನಡಾವಳಿಯಲ್ಲಿ ಉಳಿಯುತ್ತದೆ. ಒಪ್ಪಿಗೆಯ ದಾಖಲೆಯೇ ಇಲ್ಲದಿದ್ದರೆ ಅದು ಮೊತ್ತಕ್ಕಿಂತ ದೊಡ್ಡ ಸುದ್ದಿ.

ಅರ್ಜಿ ತೀರಾ ಉದ್ದ ಮಾಡಿದರೆ ಬೇರೆ ಅಪಾಯ. ಕೌನ್ಸಿಲ್‌ಗಳು 18 ಗಂಟೆಗಿಂತ ಜಾಸ್ತಿ, ಅಂದರೆ 450 ಪೌಂಡ್ ಲೆಕ್ಕದ ಕೆಲಸ ಬಿದ್ದರೆ ಸೆಕ್ಷನ್ 12 ಹೇಳಿ ತಳ್ಳಿಹಾಕಬಹುದು. ಹತ್ತು ವರ್ಷದ ಲೆಕ್ಕ ಕೇಳಿದರೆ ಒಬ್ಬೊಬ್ಬರ ಕಡತ ತೆಗೆಯಬೇಕು ಅನ್ನುತ್ತಾರೆ. ತುಂಡು ಮಾಡಿ ದಿನಕ್ಕೊಂದು ಕಳಿಸಿದರೂ ಪ್ರಯೋಜನವಿಲ್ಲ, 60 ಕೆಲಸದ ದಿನದೊಳಗೆ ಬಂದ ಒಂದೇ ವಿಷಯದ ಅರ್ಜಿಗಳನ್ನು ಒಟ್ಟುಗೂಡಿಸಲು ಅವರಿಗೆ ಅವಕಾಶ ಇದೆ. ಮಿತಿ ಮೀರುತ್ತದೆ ಎಂದರೆ ಹೇಗೆ ಕಿರಿದು ಮಾಡಲಿ ಎಂದು ಅವರನ್ನೇ ಕೇಳಿ, ನೆರವಾಗುವ ಹೊಣೆ ಸೆಕ್ಷನ್ 16ರಲ್ಲಿ ಅವರ ಮೇಲಿದೆ. ಸಂಖ್ಯೆ ತೀರಾ ಸಣ್ಣದಾದರೆ 'ಐದಕ್ಕಿಂತ ಕಡಿಮೆ' ಅಂತ ಉತ್ತರ ಬರುತ್ತದೆ. ಸಣ್ಣ ಕೌನ್ಸಿಲ್‌ನಲ್ಲಿ ಇದು ಸುಮ್ನೆ ನೆಪ ಅಲ್ಲ. ವರ್ಷಕ್ಕೆ ಒಬ್ಬರೇ ಹೋಗಿದ್ದರೆ ಒಟ್ಟು ಮೊತ್ತವೇ ಆ ಒಬ್ಬರ ಮೊತ್ತ. ಆಗ ಮೂರು ವರ್ಷದ ಒಟ್ಟು ಮೊತ್ತ ಕೊಡಿ ಎನ್ನಿ.

ಇನ್ನೊಂದು ಬಾಗಿಲಿದೆ, ವರ್ಷದಲ್ಲಿ 30 ಕೆಲಸದ ದಿನ ಮಾತ್ರ ತೆರೆದಿರುತ್ತದೆ. ಹೆಚ್ಚಾಗಿ ಜೂನ್–ಜುಲೈ ಸುಮಾರಿಗೆ ನೋಟಿಸ್ ಹಾಕುತ್ತಾರೆ. 2014ರ ಲೋಕಲ್ ಆಡಿಟ್ ಆ್ಯಂಡ್ ಅಕೌಂಟಬಿಲಿಟಿ ಆ್ಯಕ್ಟ್‌ನ ಸೆಕ್ಷನ್ 26ರಲ್ಲಿ ಆ ವರ್ಷದ ಲೆಕ್ಕ, ಕರಾರು, ಬಿಲ್ಲು, ವೋಚರು, ರಸೀದಿ ನೋಡಬಹುದು, ಪ್ರತಿ ತೆಗೆದುಕೊಳ್ಳಬಹುದು. ನಿಮ್ಮ ಮಾವನವರಿಗೆ ಪರಿಚಯದ ಕೆಲಸ ಇದೇ. ನೌಕರರ ವೈಯಕ್ತಿಕ ವಿವರ ಇಲ್ಲೂ ತೋರಿಸುವುದಿಲ್ಲ, ಹಾಗಾಗಿ ಡೈರೆಕ್ಟರ್ ಒಪ್ಪಂದ ಕೈಗೆ ಬರುತ್ತದೆ ಅಂದುಕೊಳ್ಳಬೇಡಿ. ಆದರೆ ಆ ಜಗಳಕ್ಕಾಗಿ ಹೊರಗಿನ ವಕೀಲರಿಗೆ ಕೊಟ್ಟ ಬಿಲ್ಲು, ವಿಚಾರಣೆಗೆ ಕರೆಸಿದ ಸಲಹಾ ಕಂಪನಿಯ ಬಿಲ್ಲು, ಖಾಲಿಯಾದ ಕುರ್ಚಿಗೆ ದಿನದ ಲೆಕ್ಕದಲ್ಲಿ ತಂದ ತಾತ್ಕಾಲಿಕ ಡೈರೆಕ್ಟರ್‌ಗಾಗಿ ಏಜೆನ್ಸಿಗೆ ಹೋದ ಬಿಲ್ಲು, ಇವೆಲ್ಲ ಅಲ್ಲಿರುತ್ತವೆ. ಕೆಲವು ಸಲ ಒಪ್ಪಂದದ ಮೊತ್ತಕ್ಕಿಂತ ಈ ಬಿಲ್ಲುಗಳದ್ದೇ ಹೆಚ್ಚು. ಯಾರೂ ಅದನ್ನು ಕೇಳುವುದಿಲ್ಲ!

ಇದೇ 30 ದಿನದಲ್ಲಿ, ಲೆಕ್ಕದ ಒಂದು ಬಾಬ್ತು ಕಾನೂನುಬಾಹಿರ ಅಂತ ಆಡಿಟರ್‌ಗೆ ಆಕ್ಷೇಪಣೆ ಕೊಡಬಹುದು. ಅದು ಆ ಊರಿನ ಮತದಾರರಿಗೆ ಮಾತ್ರ. ನಾವು ಇಂಡಿಯನ್ ಪಾಸ್‌ಪೋರ್ಟಿನವರು, ನಮಗೆಲ್ಲಿ ಅಂದುಕೊಂಡಿರಿ, ಅಲ್ವಾ? ಕಾಮನ್‌ವೆಲ್ತ್ ದೇಶದ ಪ್ರಜೆಗಳು ಇಲ್ಲಿ ಸರಿಯಾದ ವೀಸಾ ಮೇಲೆ ವಾಸವಿದ್ದರೆ ಮತದಾರರ ಪಟ್ಟಿಗೆ ಸೇರಬಹುದು, ಭಾರತದವರೂ ಅದರಲ್ಲಿ ಬರುತ್ತಾರೆ. ಸೇರದಿದ್ದರೆ ಈಗಲೇ ಸೇರಿ, ಆಕ್ಷೇಪಣೆ ಕೊಡುತ್ತೀರೋ ಬಿಡುತ್ತೀರೋ ಆಮೇಲೆ ನೋಡೋಣ. ಆಕ್ಷೇಪಣೆಗೆ ಮಾತ್ರ ಯೋಚಿಸಿ ಕೈಹಾಕಿ. ಆಡಿಟರ್ ಅದನ್ನು ಪರಿಶೀಲಿಸುವ ಖರ್ಚು ಕೌನ್ಸಿಲ್ ಮೇಲೆ, ಅಂದರೆ ನಿಮ್ಮ ಟ್ಯಾಕ್ಸ್ ಮೇಲೇ ಬೀಳುತ್ತದೆ. ಮೊತ್ತ ಜಾಸ್ತಿಯಾಯಿತು ಎನ್ನುವುದು ಕಾರಣ ಆಗುವುದಿಲ್ಲ, ಅಧಿಕಾರವಿಲ್ಲದೆ ಕೊಟ್ಟರು ಎನ್ನುವಂಥದ್ದು ಬೇಕು.

ಇವೆಲ್ಲಕ್ಕಿಂತ ಮೊದಲು ನಿಮ್ಮ ವಾರ್ಡ್ ಕೌನ್ಸಿಲರ್‌ಗೆ ಒಂದು ಇಮೇಲ್ ಹಾಕಿ. ಅವರಿಗೆ ಮೊತ್ತ ಗೊತ್ತಿದ್ದರೂ ಹೇಳಲು ಬರದಿರಬಹುದು. 'ಮಾರ್ಗಸೂಚಿಯಂತೆ ಒಪ್ಪಿಗೆ ಪಡೆದಿದ್ದಾರಾ' ಎಂದು ಕೇಳಿದರೆ ಹೌದು, ಇಲ್ಲ ಎನ್ನಲು ಅಡ್ಡಿಯಿಲ್ಲ. ಫೇಸ್‌ಬುಕ್ ಗುಂಪಿನಲ್ಲಿ ಹೆಸರು ಹಾಕಿ 'ದುಡ್ಡು ಹೊಡೆದರು' ಅಂತ ಮಾತ್ರ ಬರೆಯಬೇಡಿ. ಮಾನನಷ್ಟದ ಕೇಸು ಇಲ್ಲಿ ದುಬಾರಿ ವ್ಯವಹಾರ.

ಗೆಳತಿಯ ವಿಷಯ. ನೀವು ಒಟ್ಟು ಅಂಕಿ ಕೇಳಿದರೆ ಅವಳು ಅದರಲ್ಲಿ ಒಂದು ಸಂಖ್ಯೆ ಅಷ್ಟೇ, ಸೆಕ್ಷನ್ 40 ಅವಳನ್ನೂ ಕಾಯುತ್ತದೆ. ಡೈರೆಕ್ಟರ್ ವಿಷಯದಲ್ಲಿ ನಿಮಗೆ ಸಿಟ್ಟು ಬರಿಸಿದ ಅದೇ ಸೆಕ್ಷನ್. ಅಪಾಯ ಬರುವುದು ನೀವು ಬರೆಯುವ ರೀತಿಯಿಂದ. 'ಇಂಥ ವಿಭಾಗದಲ್ಲಿ ಇಂಥ ತಿಂಗಳು ಮ್ಯಾನೇಜರ್ ಮೇಲೆ ದೂರು ಕೊಟ್ಟ ನೌಕರರಿಗೆ' ಎಂದೆಲ್ಲ ಬರೆದರೆ, ಅವಳು ಹೇಳದೆ ನಿಮಗೆ ಇದು ಗೊತ್ತಾಗಲು ಸಾಧ್ಯವಿಲ್ಲ ಎಂದು ಎಚ್‌ಆರ್‌ನವರಿಗೆ ಒಂದೇ ಓದಿಗೆ ತಿಳಿಯುತ್ತದೆ. ಅವಳ ಒಪ್ಪಂದದಲ್ಲಿ ಗೌಪ್ಯತೆಯ ಷರತ್ತಿದ್ದರೆ ಅವಳು ಮುರಿದಳು ಎನ್ನಬಹುದು, ಕೊಟ್ಟ ದುಡ್ಡು ವಾಪಸ್ ಕೇಳುವ ಸಾಲೂ ಇರಬಹುದು. ಹಾಗಾಗಿ ಅವಳಿಂದ ಮೊತ್ತ ಕೇಳಬೇಡಿ, ಅವಳ ಕಾಗದ ನೋಡಬೇಡಿ, ನಿಮ್ಮ ಅರ್ಜಿಯಲ್ಲಿ ಅವಳ ವಾಸನೆ ಬರುವ ಒಂದು ಪದವೂ ಬೇಡ. ಅವಳಿಗೆ ತನ್ನ ಕಡತ ಬೇಕಿದ್ದರೆ ಅವಳೇ ಸಬ್ಜೆಕ್ಟ್ ಆ್ಯಕ್ಸೆಸ್ ಅರ್ಜಿ ಹಾಕಬಹುದು, ಅದೂ ಉಚಿತ, ಸಾಮಾನ್ಯವಾಗಿ ಒಂದು ತಿಂಗಳ ಗಡುವು.

ಅವಳಿಗೆ ಒಂದು ಮಾತು ಮಾತ್ರ ತಲುಪಿಸಿ. ಯಾವ ಗೌಪ್ಯತೆಯ ಷರತ್ತೂ ಕಾನೂನು ರಕ್ಷಿಸುವ ವಿಸಲ್‌ಬ್ಲೋಯಿಂಗ್ ಅನ್ನು, ಅಂದರೆ ಒಳಗಿನ ಅಕ್ರಮ ಬಯಲಿಗೆ ತರುವುದನ್ನು, ತಡೆಯುವಂತಿಲ್ಲ. ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್‌ನ ಸೆಕ್ಷನ್ 43ಜೆ ಅಂಥ ಸಾಲನ್ನು ಅಸಿಂಧು ಮಾಡುತ್ತದೆ. ಅವಳ ಜಗಳ ಬರೀ ಮ್ಯಾನೇಜರ್ ಜೊತೆಗಿನದ್ದಾಗಿದ್ದರೆ ಇದು ಅವಳಿಗೆ ಲಾಗೂ ಆಗದು. ಜನರ ಸುರಕ್ಷತೆ, ಅಕ್ರಮ ಖರ್ಚು, ಮಕ್ಕಳ ಆರೈಕೆಯಂಥ ವಿಷಯ ಅದರಲ್ಲಿ ಇದ್ದರೆ ಒಬ್ಬ ಉದ್ಯೋಗ ವಕೀಲರನ್ನು ಕೇಳಿದ ಮೇಲೆ ಮುಂದುವರಿಯಲಿ, ನಿಮ್ಮ ಅರ್ಜಿಯ ಮೂಲಕ ಬೇಡ.

ಕೊನೆಗೆ ನಿಮ್ಮ ಕೈಯಲ್ಲಿರುವ ನಿರಾಕರಣೆಯ ಪತ್ರ. ಅದು ಯಾವ ತಾರೀಕಿನದು ಅಂತ ನೀವು ಬರೆದಿಲ್ಲ. ಬಂದು 40 ಕೆಲಸದ ದಿನ ಆಗಿರದಿದ್ದರೆ ಇಂಟರ್ನಲ್ ರಿವ್ಯೂ, ಅಂದರೆ ಕೌನ್ಸಿಲ್ಲೇ ತನ್ನ ಉತ್ತರವನ್ನು ಮತ್ತೊಮ್ಮೆ ಪರಿಶೀಲಿಸುವುದು, ಕೇಳಿ. ಪೂರ್ತಿ ಒಪ್ಪಂದ ಬೇಡ, ಒಟ್ಟು ಮೊತ್ತ ಮಾತ್ರ ಸಾಕು ಎಂದು ಅದರಲ್ಲೇ ಕಿರಿದು ಮಾಡಿ, ಡೈರೆಕ್ಟರ್ ಹುದ್ದೆಯ ಎತ್ತರ ಹೇಳಿ, ಕ್ರೇವನ್ ಕೇಸಿನ ಹೆಸರು ಹಾಕಿ, ಸೆಕ್ಷನ್ 41 ಯಾಕೆ ನಿಲ್ಲುವುದಿಲ್ಲ ಎಂದು ಎರಡು ಸಾಲು ಬರೆಯಿರಿ. ಅಲ್ಲೂ ಇಲ್ಲ ಎಂದರೆ ಆರು ವಾರದೊಳಗೆ ಇನ್ಫರ್ಮೇಶನ್ ಕಮಿಷನರ್‌ಗೆ ದೂರು ಕೊಡಿ, ಅದಕ್ಕೂ ಶುಲ್ಕವಿಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಅದರ ಮೇಲೆ ಟ್ರಿಬ್ಯೂನಲ್‌ಗೆ ಹೋಗಲು 28 ದಿನ. 40 ದಿನ ದಾಟಿಹೋಗಿದ್ದರೆ ಹಳೆಯದನ್ನು ಬಿಟ್ಟು ಮೇಲೆ ಹೇಳಿದ ಹೊಸ ಅರ್ಜಿ ಕಳಿಸಿ, 20 ಕೆಲಸದ ದಿನದಲ್ಲಿ ಉತ್ತರ ಬರಬೇಕು. ಅಷ್ಟರಲ್ಲಿ ಲೆಕ್ಕಪತ್ರದ ಆ ಎರಡು ಟಿಪ್ಪಣಿ ನೋಡಿಬಿಡಿ, ಅರ್ಧ ಅರ್ಜಿ ಬೇಕಾಗದೆಯೂ ಹೋಗಬಹುದು.